ಅಪೂರ್ವ ಮುದ್ರಿತ ಗ್ರಂಥಗಳ ಸೂಚೀಕರಣ



ಗ್ರಂಥಸೂಚಿಯೆಂದರೆ ಕೃತಿಯ ಹೆಸರು, ಕರ್ತೃವಿನ ಹೆಸರು, ಇಸವಿ, ಇಷ್ಟೇ ಎಂಬ ಭಾವನೆ ಬಹುಮಟ್ಟಿಗೆ ರೂಢವಾಗಿದೆ. ನಿತ್ಯದ ಓದಿನ ಪುಸ್ತಕಕ್ಕೆ ಅಷ್ಟು ಸಾಕು; ಅಪೂರ್ವ ಗ್ರಂಥಕ್ಕೆ ಸಾಲದು. ಇದನ್ನು ಅಚ್ಚುಮಾಡಿದವರು ಯಾರು, ಈ ಪ್ರತಿ ಯಾರ ಯಾರ ಕೈದಾಟಿ ಇಲ್ಲಿಗೆ ಬಂದಿತು ಎಂಬ ಎರಡು ಪ್ರಶ್ನೆಗಳಿಗೆ ಸೂಚಿಯಲ್ಲಿ ಉತ್ತರವಿರಬೇಕು.

ಒಂದು ಉದಾಹರಣೆಯನ್ನು ನೋಡಬಹುದು. ಹರ್ಮನ್ ಮೋಗ್ಲಿಂಗ್ ಅವರು ಕ್ಯಾಸಮೇಜರ್ ಎಂಬ ಮಹನೀಯರ ಧನಸಹಾಯದಿಂದ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1848ರಿಂದ ಹಳೆಯ ಕನ್ನಡ ಕೃತಿಗಳನ್ನು ಹೊರತರತೊಡಗಿದರು. ಆ ಮಾಲೆಗೆ 'ಬಿಬ್ಲಿಯೋಥಿಕಾ ಕರ್ನಾಟಕ' ಎಂದು ಹೆಸರು. ಅದೇ ಶತಮಾನದ ಕಡೆಯಲ್ಲಿ ಬಿ. ಎಲ್. ರೈಸ್ ಅವರ ನೇತೃತ್ವದಲ್ಲಿ ಬೆಂಗಳೂರಿನಿಂದ 'ಬಿಬ್ಲಿಯೋಥಿಕಾ ಕರ್ನಾಟಿಕ' ಮಾಲೆ ಹೊರಟಿತು. 1898ರಲ್ಲಿ ಪ್ರಕಟವಾದ 'ಕವಿರಾಜಮಾರ್ಗ' ಮತ್ತು 'ಪಂಪಭಾರತ' ಈ ಮಾಲೆಯವು. ಹೆಸರುಗಳಲ್ಲಿ ಒಂದಕ್ಷರದ ಭೇದ. ಹೆಸರನ್ನಷ್ಟೇ ನಂಬಿದ ಸೂಚಿಕಾರನು ಎರಡನ್ನೂ ಒಂದೇ ಮಾಲೆಯೆಂದು ಬರೆದುಕೊಂಡರೆ ಆಶ್ಚರ್ಯವಿಲ್ಲ. ಮುದ್ರಕನನ್ನು ವಿಚಾರಿಸಿದವನಿಗೆ ಈ ಗೊಂದಲವಿಲ್ಲ: ಮೊದಲನೆಯದು ಕಲ್ಲಚ್ಚು, ಎರಡನೆಯದು ಮೊಳೆಯಚ್ಚು. ಮೊಳೆಯಚ್ಚಿನ ಪುಟದ ಹಿಂಬದಿಯನ್ನು ಬೆರಳಿನಿಂದ ಸವರಿದರೆ ಅಕ್ಷರದ ಒತ್ತು ಅನೇಕ ವೇಳೆ ಕೈಗೆ ತಗಲುತ್ತದೆ. ಕಲ್ಲಚ್ಚಿನ ಹಾಳೆ ನುಣುಪು. ಅಲ್ಲದೆ ಕಲ್ಲಚ್ಚಿನಲ್ಲಿ ಒಂದು 'ಕ'ದಂತೆ ಇನ್ನೊಂದು 'ಕ' ಇರದು. ಅಲ್ಲಿ ಕಾಣುವುದು ಲಿಪಿಕಾರನ ಕೈಬರಹ.

ಮುದ್ರಕನ ಹೆಸರೇ ಇಲ್ಲದ ಪುಸ್ತಕದ ಗತಿಯೇನು? ಯೂರೋಪಿನ 15ನೆಯ ಶತಮಾನದ ಗ್ರಂಥಗಳಲ್ಲಿ ಅಂತಹವು ಹೇರಳ. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗ್ರಂಥಪಾಲರಾಗಿದ್ದ ಹೆನ್ರಿ ಬ್ರಾಡ್‌ಷಾ ಅವರು, ಸಸ್ಯಶಾಸ್ತ್ರಜ್ಞನು ಗಿಡಗಳನ್ನು ವಿಂಗಡಿಸುವಂತೆ, ಅಚ್ಚುಮೊಳೆಗಳ ಆಕಾರದಿಂದಲೇ ಪುಸ್ತಕಗಳನ್ನು ವಿಂಗಡಿಸಬೇಕೆಂದರು. ಬ್ರಿಟಿಷ್ ಮ್ಯೂಸಿಯಮ್ಮಿನ ರಾಬರ್ಟ್ ಪ್ರಾಕ್ಟರ್ ಆ ಮಾರ್ಗವನ್ನು ಬೆಳೆಸಿ, 1898ರಲ್ಲಿ ತಮ್ಮ ಸೂಚಿಯನ್ನು ದೇಶ, ಊರು, ಮುದ್ರಣಾಲಯ ಎಂಬ ಕ್ರಮದಲ್ಲಿ ಪ್ರಕಟಿಸಿದರು. ಇಪ್ಪತ್ತು ಸಾಲುಗಳ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದು ಮೊಳೆಯನ್ನು ಗುರುತಿಸುವ ಕ್ರಮ ಇಂದಿಗೂ ಬಳಕೆಯಲ್ಲಿದೆ. ಪ್ರಾಕ್ಟರ್ 1903ರಲ್ಲಿ ಆಲ್ಪ್ಸ್ ಪರ್ವತಗಳಲ್ಲಿ ನಡೆಯುತ್ತ ಹೋದವರು ಹಿಂದಿರುಗಲಿಲ್ಲ. ಅವರಿಗೆ ಆಗ ಮೂವತ್ತೈದು ವರ್ಷ.

ಭಾರತದಲ್ಲಿ ಈ ಕಷ್ಟವನ್ನು ಸರ್ಕಾರದ ಸಂಶಯಬುದ್ಧಿಯೇ ತಕ್ಕಮಟ್ಟಿಗೆ ಕಡಿಮೆ ಮಾಡಿತೆನ್ನಬೇಕು. 1867ರ ಮುದ್ರಣಾಲಯ ಮತ್ತು ಗ್ರಂಥ ನೋಂದಣಿ ಅಧಿನಿಯಮವು ಪ್ರತಿಯೊಂದು ಪುಸ್ತಕದ ಮೇಲೂ ಮುದ್ರಕನ ಹೆಸರು ಮತ್ತು ಮುದ್ರಣಸ್ಥಳವನ್ನು ಅಚ್ಚಿಸತಕ್ಕದ್ದೆಂದು ವಿಧಿಸಿತು. ಮೂರು ತಿಂಗಳಿಗೊಮ್ಮೆ ಹೊರಡುತ್ತಿದ್ದ ಪಟ್ಟಿಗಳಲ್ಲಿ ಪ್ರತಿಗಳ ಸಂಖ್ಯೆ, ಬೆಲೆ, ಕಲ್ಲಚ್ಚೋ ಮೊಳೆಯಚ್ಚೋ ಎಂಬುದು ಸಹ ದಾಖಲಾಗಬೇಕಿತ್ತು. ಬ್ರಿಟಿಷ್ ಆಳ್ವಿಕೆಗೆ ಸೇರಿದ್ದ ಮಂಗಳೂರು, ಧಾರವಾಡ, ಬಳ್ಳಾರಿಗಳಿಗೆ ಇದು ಅನ್ವಯಿಸಿತು. ಈ ಅಧಿನಿಯಮವು 2024ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದಿತು. ಆದರೆ ಮೋಗ್ಲಿಂಗ್ ಅವರ ಮಾಲೆಯಂತೆ 1867ಕ್ಕೆ ಹಿಂದಿನ ಪುಸ್ತಕಗಳಿಗೆ ಇಂತಹ ಆಧಾರವಿಲ್ಲ. ಅವುಗಳ ಮೈಯನ್ನೇ ಓದಬೇಕು.

ಇನ್ನು ಪ್ರತಿಯ ಪೂರ್ವಚರಿತ್ರೆ. ಒಂದೇ ದಿನ ಅಚ್ಚಾದ ಐನೂರು ಪ್ರತಿಗಳೂ ಮರುದಿನದಿಂದ ಬೇರೆ ಬೇರೆ ದಾರಿ ಹಿಡಿಯುತ್ತವೆ. ಮಠದ ಮುದ್ರೆ, ಶಾಲೆಯ ಬಹುಮಾನದ ಚೀಟಿ, ಕೊಂಡ ಬೆಲೆ, ಅಂಚಿನ ಟಿಪ್ಪಣಿ, ವ್ರತದ ಉದ್ಯಾಪನೆಯಲ್ಲಿ ಶಾಸ್ತ್ರದಾನ ಮಾಡಿದವರ ಹೆಸರು, ಇವೆಲ್ಲ ಆ ಒಂದು ಪ್ರತಿಗೆ ಮಾತ್ರ ಸೇರಿದ ಸಾಕ್ಷ್ಯಗಳು. ಯೂರೋಪಿನ ಗ್ರಂಥಾಲಯಗಳು 2009ರಿಂದ 15ನೆಯ ಶತಮಾನದ ಗ್ರಂಥಗಳಿಗಾಗಿ ರೂಪಿಸುತ್ತಿರುವ ಗಣಕಯಂತ್ರ ಸೂಚಿಯಲ್ಲಿ ಇಂತಹ ಒಂದೊಂದು ಗುರುತನ್ನೂ ಅದರ ಕಾಲ ಮತ್ತು ಸ್ಥಳದೊಂದಿಗೆ ಪ್ರತ್ಯೇಕವಾಗಿ ನಮೂದಿಸಲಾಗುತ್ತದೆ. ಚದುರಿಹೋದ ಒಂದು ಭಂಡಾರದ ಪುಸ್ತಕಗಳು ಇಂದು ಹತ್ತು ಊರುಗಳಲ್ಲಿದ್ದರೂ ಅವನ್ನು ಕಾಗದದ ಮೇಲಾದರೂ ಒಂದುಗೂಡಿಸಲು ಇದರಿಂದ ಸಾಧ್ಯವಾಗಿದೆ.

ಈ ಸಾಕ್ಷ್ಯವನ್ನು ಅಳಿಸುವುದು ಗೆದ್ದಲು ಮಾತ್ರವೇ ಅಲ್ಲ. ಸದ್ಭಾವನೆಯ ರಟ್ಟುಗಾರನೂ ಅಳಿಸುತ್ತಾನೆ. ಜೀರ್ಣವಾದ ಹೊದಿಕೆಯನ್ನೂ ಮೊದಲ ಖಾಲಿ ಹಾಳೆಯನ್ನೂ ಕಿತ್ತೆಸೆದು, ಅಂಚನ್ನು ಕತ್ತರಿಸಿ, ಹೊಸ ರಟ್ಟು ಕಟ್ಟುವುದು ಸಾಮಾನ್ಯ ಪದ್ಧತಿ. ಮುದ್ರಕನ ಹೆಸರು ಎಷ್ಟೋ ಸಲ ಆ ಹೊದಿಕೆಯ ಮೇಲೆಯೇ ಇರುತ್ತದೆ. ಒಡೆಯನ ಹೆಸರು ಆ ಖಾಲಿ ಹಾಳೆಯ ಮೇಲೆ. ಆದುದರಿಂದ ರಟ್ಟು ಕಟ್ಟಿಸುವುದಕ್ಕೆ ಮೊದಲು ಸೂಚೀಪತ್ರವನ್ನು ಬರೆದು, ಕಳಚಿದ ಹೊದಿಕೆ ಮತ್ತು ಹಾಳೆಗಳನ್ನು ಪುಸ್ತಕದ ದಾಖಲೆ ಸಂಖ್ಯೆ ಬರೆದ ಲಕೋಟೆಯಲ್ಲಿ ಪುಸ್ತಕದೊಡನೆಯೇ ಇರಿಸತಕ್ಕದ್ದು.