ಹಳೆಯ ಮನೆಗಳ ದರ್ಶನ

(ಶತಮಾನೋತ್ಸವದ ಅಂಗವಾಗಿ ನಡೆದ ಧರ್ಮಕೇಂದ್ರದ ಸಭೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಸಂಭ್ರಮದಲ್ಲಿ ನಾವು ಎರಡು ಬಾರಿ ಬಸ್ಸು ಮಾಡಿಕೊಂಡು ಪ್ರವಾಸ ಹೋಗಿ ಬಂದೆವು. ಬೆಳಗಿನ ಪೂಜೆ ಮುಗಿಸಿ, ಬುತ್ತಿ ಕಟ್ಟಿಕೊಂಡು ಹೊರಟು, ಅದೇ ರಾತ್ರಿ ಮನೆ ಸೇರಿದ ಒಂದು ದಿನದ ಪ್ರವಾಸಗಳು ಅವು. ಮೊದಲನೆಯದು ಶ್ರೀರಂಗಪಟ್ಟಣಕ್ಕೆ, ಎರಡನೆಯದು, ಬೇಸಿಗೆಯಲ್ಲಿ ನೀರು ಇಳಿದ ಮೇಲೆ, ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ. "ಸ್ವಾಮಿ, ಜಾತ್ರೆಗೆ ಹೋದರೆ ಹರಕೆಯಾದರೂ ತೀರುತ್ತದೆ. ಹಳೇ ಗೋಡೆ ನೋಡಿದರೆ ಏನು ಬಂತು?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ನಮ್ಮ ಹಳೆಯ ಗುರುನಿವಾಸವನ್ನು ಕೆಡವಿ, ಆ ಜಾಗದಲ್ಲಿ ಸಮುದಾಯ ಭವನವನ್ನು ಕಟ್ಟಬೇಕೇ ಬೇಡವೇ ಎಂಬ ವಿಷಯ ಪಾಲನಾ ಪರಿಷತ್ತಿನ ಮುಂದಿರುವಾಗ, ಆ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಶ್ರೀರಂಗಪಟ್ಟಣದಲ್ಲಿ ನಾವು ಮೊದಲು ಕಂಡದ್ದು ಟಿಪ್ಪು ಸುಲ್ತಾನನ ಬೇಸಿಗೆಯ ಅರಮನೆಯಾದ ದರಿಯಾ ದೌಲತ್. 1784ರಲ್ಲಿ ಕಟ್ಟಿದ ಈ ತೇಗದ ಮರದ ಮನೆಯ ಗೋಡೆಗಳ ತುಂಬ ಚಿತ್ರಗಳಿವೆ. 1780ರ ಪೊಳ್ಳಿಲೂರು ಕಾಳಗದಲ್ಲಿ ಹೈದರನೂ ಟಿಪ್ಪುವೂ ಕರ್ನಲ್ ಬೇಯ್ಲಿಯ ಸೈನ್ಯವನ್ನು ಸೋಲಿಸಿದ ಚಿತ್ರ ಅವುಗಳಲ್ಲಿ ಮುಖ್ಯವಾದುದು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಕರ್ನಲ್ ವೆಲ್ಲೆಸ್ಲಿ ಇದೇ ಮನೆಯಲ್ಲಿ ವಾಸವಾಗಿದ್ದನು. ಕಾಲಾನಂತರದಲ್ಲಿ ಚಿತ್ರಗಳ ಮೇಲೆ ಸುಣ್ಣ ಬಿದ್ದಿತು. ಮುಂದೆ ಗವರ್ನರ್ ಜನರಲ್ ಡಾಲ್‌ಹೌಸಿ ಅವುಗಳನ್ನು ಮತ್ತೆ ಬರೆಯಿಸಿದನು. ತನ್ನ ಕಡೆಯವರ ಸೋಲನ್ನು ತೋರಿಸುವ ಚಿತ್ರವನ್ನು ಆಂಗ್ಲ ಅಧಿಕಾರಿಯೇ ಉಳಿಸಿದನೆಂಬುದನ್ನು ಗಮನಿಸಬೇಕು.

ಆ ಅರಮನೆ ಎದ್ದ 1784ನೇ ವರ್ಷವೇ ಕರಾವಳಿಯ ಸಹಸ್ರಾರು ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದ ವರ್ಷವೂ ಹೌದು. ಇದನ್ನು ಹಳೆಯ ಕಹಿಯನ್ನು ಕೆದಕಲು ಹೇಳುತ್ತಿಲ್ಲ. ಒಂದೇ ಊರಿನ ನೆಲದಲ್ಲಿ ಸೊಬಗೂ ಸಂಕಟವೂ ಒಟ್ಟಿಗೆ ಇರುತ್ತವೆ; ನೋಡುವವನು ಎರಡನ್ನೂ ನೋಡತಕ್ಕದ್ದು. ಅಲ್ಲಿಂದ ಸಮೀಪದಲ್ಲೇ ಇರುವ ಗಂಜಾಮಿಗೆ ಹೋದೆವು. ಅಲ್ಲಿನ ದೇವಾಲಯಕ್ಕೆ ಇಂದಿಗೂ ಅಬ್ಬೆ ದುಬ್ವಾ ಅವರ ಹೆಸರೇ ಇದೆ. 1792ರಲ್ಲಿ ಫ್ರಾನ್ಸ್ ದೇಶವನ್ನು ಬಿಟ್ಟು ಬಂದ ಈ ಗುರುಗಳು, 1799ರ ನಂತರ ಚದುರಿಹೋಗಿದ್ದ ಮಂದೆಯನ್ನು ಒಟ್ಟುಗೂಡಿಸಿದರು. ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು, ಸಿಡುಬಿಗೆ ದಾಕು ಹಾಕಿಸಲು ಊರೂರು ತಿರುಗಿದರು. ಜನ ಅವರನ್ನು ದೊಡ್ಡ ಸ್ವಾಮಿ ಎಂದು ಕರೆದರು. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಅರಮನೆಯನ್ನು ನೋಡಿ ಬಂದ ಕಣ್ಣಿಗೆ ಗಂಜಾಮಿನ ದೇವಾಲಯ ಚಿಕ್ಕದಾಗಿ ಕಂಡಿತು. ಆದರೆ ನಮ್ಮ ಜನ ಅಲ್ಲಿ ಹೇಳದೆಯೇ ಮೊಣಕಾಲೂರಿದರು.

ಬೇಸಾಯದಿಂದ ಬಡ ಕ್ರೈಸ್ತರಿಗೆ ನೆಲೆ ದೊರೆಯಲೆಂದು ದುಬ್ವಾ ಅವರು ಹಾಸನದ ಸೀಮೆಯ ಸಾತಳ್ಳಿಯಲ್ಲಿ ಒಕ್ಕಲು ನೆಲೆಗೊಳಿಸಿದರು. ಅದೇ ಸೀಮೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು 19ನೇ ಶತಮಾನದಲ್ಲಿ ಜಪಮಾಲೆ ಮಾತೆಯ ದೇವಾಲಯವನ್ನು ಕಟ್ಟಿದರು. ಗಾರೆಗೆ ಬೆಲ್ಲವನ್ನೂ ಕೋಳಿಮೊಟ್ಟೆಯನ್ನೂ ಬೆರೆಸಿದ್ದರೆಂದು ಜನ ಹೇಳುತ್ತಾರೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಊರು ಎದ್ದುಹೋಯಿತು. 1979ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. ಅಂದಿನಿಂದ ಮಳೆಗಾಲದಲ್ಲಿ ದೇವಾಲಯ ನೀರಿನಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಮತ್ತೆ ನೆಲ ಕಾಣುತ್ತದೆ. ಸೂರು ಹೋಗಿದೆ, ಗೋಡೆಗಳೂ ಅಲ್ಲಲ್ಲಿ ಕುಸಿದಿವೆ. ಉಳಿದ ಗೋಡೆಯ ಮೇಲೆ ಬಂದವರು ಹೋದವರು ತಮ್ಮ ಹೆಸರನ್ನು ಕೊರೆದಿದ್ದಾರೆ. ನಮ್ಮ ಹುಡುಗನೊಬ್ಬನೂ ಕಲ್ಲಿನ ಚೂರನ್ನು ಕೈಗೆತ್ತಿಕೊಂಡ. ಜೊತೆಗಿದ್ದ ಅಜ್ಜಿ ಅವನ ಕೈ ಹಿಡಿದು, "ಬ್ಯಾಡ ಕಣೋ ಮಗ, ಪೂಜೆ ಕೇಳಿರೋ ಗೋಡೆ ಅದು" ಎಂದರು. ಆ ದಿನ ನಾನು ಮಾಡಬೇಕೆಂದಿದ್ದ ಪ್ರಸಂಗವನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು.

ಪ್ರಿಯರೇ, ಈಗ ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಗುರುದೀಕ್ಷೆಯಾದ ಕೆಲವೇ ವರ್ಷಗಳಲ್ಲಿ ಒಂದು ಹಳ್ಳಿಯ ಹಳೆಯ ದೇವಾಲಯ ನನ್ನ ವಶಕ್ಕೆ ಬಂದಿತು. ಪೂಜಾಪೀಠದ ಸುತ್ತ ಗೋಡೆಯಲ್ಲಿ ದ್ರಾಕ್ಷಿಬಳ್ಳಿಯ ಚಿತ್ರವೊಂದಿತ್ತು. ಬಣ್ಣ ಮಾಸಿತ್ತು, ಎಲೆಗಳು ದ್ರಾಕ್ಷಿಗಿಂತ ಹೆಚ್ಚಾಗಿ ಕುಂಬಳವನ್ನು ಹೋಲುತ್ತಿದ್ದವು. ಗುರುಮಠದಲ್ಲಿ ಓದಿ ಬಂದ ನನಗೆ ಅದು ಹಳ್ಳಿಗಾಡಿನ ಕೆಲಸವೆನಿಸಿತು. ಹಬ್ಬಕ್ಕೆ ಮುಂಚೆ ಸಿಮೆಂಟು ಮೆತ್ತಿಸಿ, ಎಣ್ಣೆ ಬಣ್ಣ ಹೊಡೆಸಿದೆ. ಎಲ್ಲರೂ ಹೊಗಳಿದರು. ಹಬ್ಬದ ಪೂಜೆಯ ನಂತರ ವೃದ್ಧರೊಬ್ಬರು ಬಂದು, "ಸ್ವಾಮಿ, ನಮ್ಮಪ್ಪ ಬರೆದ ಬಳ್ಳಿ ಎಲ್ಲಿ ಹೋಯ್ತು?" ಎಂದು ಕೇಳಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಗೋಡೆಯೂ ನನ್ನನ್ನು ಕ್ಷಮಿಸಲಿಲ್ಲ. ಸುಣ್ಣದ ಗಾರೆ ನೆಲದಿಂದ ಏರಿದ ತೇವವನ್ನು ಹೊರಕ್ಕೆ ಬಿಡುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಇಟ್ಟಿಗೆ ಒಳಗಿಂದ ಪುಡಿಯಾಗಿ ಉದುರತೊಡಗಿತು. ದರಿಯಾ ದೌಲತ್ತಿನಲ್ಲಿ ಸುಣ್ಣದಡಿ ಹೋದ ಚಿತ್ರಗಳನ್ನು ಮತ್ತೆ ಬರೆಯಿಸಿದ ಕಥೆಯನ್ನು ನಿಮಗೆ ವಿವರಿಸುತ್ತಿದ್ದಾಗ ನಾನು ಸ್ವಲ್ಪ ಹೊತ್ತು ಮಾತು ನಿಲ್ಲಿಸಿದ್ದು ಈ ಕಾರಣದಿಂದ. ಆ ಬಳ್ಳಿಯನ್ನು ಮತ್ತೆ ಬರೆಯಲು ಬಲ್ಲವರು ಈಗ ಯಾರೂ ಇಲ್ಲ.

ಹಾಗೆಂದು ಹಳೆಯದೆಲ್ಲವೂ ಉಳಿಯಲೇಬೇಕೆಂದು ನಾನು ಹೇಳಲಾರೆ. ಭವನ ನಮಗೆ ಬೇಕು. ಬಡ ಮನೆಯವರು ಮದುವೆಗೆ ಶಾಮಿಯಾನ ಬಾಡಿಗೆ ತಂದು ಸಾಲ ಮಾಡುವುದನ್ನು ನಾನೂ ಕಂಡಿದ್ದೇನೆ. ಶೆಟ್ಟಿಹಳ್ಳಿಯವರು ಸಹ ತಮ್ಮ ದೇವಾಲಯವನ್ನು ಬಿಟ್ಟು ಹೋದದ್ದು ಇತರರ ಹೊಲಗಳಿಗೆ ನೀರು ಹರಿಯಲೆಂದು. ಆದರೆ ಉಳಿಸಿಕೊಳ್ಳುವ ಆಯ್ಕೆ ಅವರಿಗಿರಲಿಲ್ಲ. ನಮಗೆ ಇದೆ. ಆಯ್ಕೆಯಿರುವವನು ನೋಡದೆ ತೀರ್ಮಾನಿಸುವುದು ತಪ್ಪು. ಅಂದು ನಾನು ಮಾಡಿದ್ದು ಅದನ್ನೇ.

ಆದುದರಿಂದ ಮೂರು ಕೋರಿಕೆಗಳು. ಬರುವ ಭಾನುವಾರ ಪೂಜೆಯ ನಂತರ ಗುರುನಿವಾಸದ ಬಾಗಿಲುಗಳೆಲ್ಲವನ್ನೂ ತೆರೆದಿಡುತ್ತೇನೆ. ದರಿಯಾ ದೌಲತ್ತನ್ನು ನೋಡಿದಂತೆಯೇ ಇದನ್ನೂ ಒಂದು ಸಲ ನೋಡಿರಿ. ತೊಲೆಗಳನ್ನು ನೋಡಿರಿ, ರೋಗಿಗಳಿಗೆ ಔಷಧಿ ಕೊಡುತ್ತಿದ್ದ ಜಗಲಿಯನ್ನು, ಕ್ಷಾಮದ ಕಾಲದಲ್ಲಿ ರಾಗಿ ಹಂಚಿದರೆಂದು ಹಿರಿಯರು ಹೇಳುವ ಉಗ್ರಾಣವನ್ನು ನೋಡಿರಿ. ಎರಡನೆಯದಾಗಿ, ಸುಣ್ಣದ ಗಾರೆಯ ಕೆಲಸ ಬಲ್ಲ ಮೇಸ್ತ್ರಿಯೊಬ್ಬರಿಂದ ಪರೀಕ್ಷೆ ಮಾಡಿಸಿ, ದುರಸ್ತಿಗೆ ತಗಲುವ ಖರ್ಚನ್ನು ಭವನದ ಖರ್ಚಿನ ಪಕ್ಕದಲ್ಲಿಟ್ಟು ಪರಿಷತ್ತು ಚರ್ಚಿಸಲಿ. ಮೂರನೆಯದಾಗಿ, ಆ ಮನೆಯ ಬಗ್ಗೆ ಹಿರಿಯರಿಗೆ ನೆನಪಿರುವುದನ್ನೆಲ್ಲ ಯುವಜನರು ಒಂದು ಪುಸ್ತಕದಲ್ಲಿ ಬರೆದಿಡಲಿ. ಕಟ್ಟಿದವರ, ಗುಡಿಸಿ ಸಾರಿಸಿದವರ, ಹೆಂಚು ಹೊತ್ತವರ ಹೆಸರುಗಳು ಜ್ಞಾನಸ್ನಾನದ ದಾಖಲೆಯಲ್ಲಿವೆ. ಆದರೆ ಅವರು ಮಾಡಿದ ಕೆಲಸ ಯಾವ ದಾಖಲೆಯಲ್ಲೂ ಇಲ್ಲ.

ಇಷ್ಟಾದ ಮೇಲೂ ಕೆಡವುವುದೇ ಸರಿಯೆಂದು ನೀವು ತೀರ್ಮಾನಿಸಿದರೆ ನಾನು ಅಡ್ಡ ಬರುವುದಿಲ್ಲ. ಮೊದಲನೆಯ ಹೆಂಚನ್ನು ನಾನೇ ಇಳಿಸುತ್ತೇನೆ. ಆದರೆ ಮುಂದೊಂದು ದಿನ ನಿಮ್ಮ ಮೊಮ್ಮಗ ಬಂದು, "ಇಲ್ಲಿದ್ದ ಮನೆ ಎಲ್ಲಿ?" ಎಂದು ಕೇಳಿದರೆ, ತಲೆ ತಗ್ಗಿಸದೆ ಹೇಳುವಂಥ ಉತ್ತರ ನಮ್ಮಲ್ಲಿರಬೇಕು.

ನೂರು ವರ್ಷ ನಮ್ಮನ್ನು ನಡೆಸಿದ ದೇವರು ನಿಮ್ಮೆಲ್ಲರನ್ನೂ, ನಿಮ್ಮ ಮನೆಗಳನ್ನೂ ಆಶೀರ್ವದಿಸಲಿ.