ಜೊತೆಗೂಡಿ ಓಡೋಣ

ಪುಣೆಯಲ್ಲಿ ಬೆಳಗಾಗುತ್ತಲೇ ವೇತಾಳ ಟೇಕಡಿ, ತಳಜಾಯಿ ಗುಡ್ಡಗಳತ್ತ ಜನ ಹೊರಡುತ್ತಾರೆ. ನಡುವಯಸ್ಸಿನ ದಂಪತಿಗಳೂ ಅವರಲ್ಲಿರುತ್ತಾರೆ. 1983ರಲ್ಲೇ ಅಂತರರಾಷ್ಟ್ರೀಯ ಮ್ಯಾರಥಾನ್ ಆರಂಭಿಸಿದ ಊರದು.

ನಲವತ್ತು ದಾಟಿದಂತೆ ಸ್ನಾಯುಗಳ ಬಲ ಮೆಲ್ಲನೆ ಕುಗ್ಗುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ ಇಲ್ಲವೇ 75 ನಿಮಿಷ ಓಟ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ದಂಪತಿ ಜೊತೆಯಾಗಿ ಹೊರಟರೆ, ಒಬ್ಬರಿಗೆ ಬೇಸರವಾದ ದಿನ ಇನ್ನೊಬ್ಬರು ಎಬ್ಬಿಸುತ್ತಾರೆ. ಇಬ್ಬರ ವೇಗವೂ ಒಂದೇ ಆಗಬೇಕಿಲ್ಲ. ಮುಂದೆ ಹೋದವರು ತಿರುವಿನಲ್ಲಿ ಕಾದರೆ ಸಾಕು. ಆದರೆ ಬೆಳಗಿನ ಅಡುಗೆ, ಮಕ್ಕಳ ಡಬ್ಬಿಯ ಕೆಲಸ ಹಂಚಿಕೊಂಡಾಗ ಮಾತ್ರ ಇಬ್ಬರಿಗೂ ಬಿಡುವು ಸಿಗುತ್ತದೆ.

ಎದೆನೋವು, ಮಂಡಿನೋವು ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಿ. ಉಳಿದವರು ನಾಳೆಯೇ ಹೊರಡಿ, ಇಬ್ಬರೂ ಜೊತೆಯಾಗಿ.