ಬೆಂಕಿಯ ಸಾಕ್ಷಿ



ಸಂಧಿ ಸಮಾಸಗಳನ್ನು ಹೇಳಿಕೊಡುವ ಮೇಷ್ಟ್ರಿಗೆ ಡೀಸೆಲ್ ಒಲೆಯ ಗೊಡವೆ ಏಕೆಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಬಸವಕಲ್ಯಾಣದಲ್ಲಿ ನನ್ನ ಹತ್ತಿರ ಓದಿದ ಹುಡುಗನೊಬ್ಬ ಈಗ ಹುಮನಾಬಾದಿನಲ್ಲಿ, ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಬದಿಗೆ, ಬೇಕರಿ ಇಟ್ಟಿದ್ದಾನೆ. ಅವನ ಭಟ್ಟಿಗೆ ಕಟ್ಟಿಗೆ ಬೇಡ. ಡೀಸೆಲ್ ಬರ್ನರಿನಿಂದಲೇ ಶಾಖ. ಒಂದು ಭಾನುವಾರ ಅಲ್ಲಿಗೆ ಹೋದಾಗ ಕೆಲಸದ ಹುಡುಗನ ಹುಬ್ಬು ಸುಟ್ಟಿರುವುದನ್ನು ಕಂಡೆ. "ಈ ಕಣ್ಣಿನ ಕಾಟ ಸಾಕಾಗ್ಯಾದ್ರೀ ಸರ. ಹೊಸಾದು ತಂದು ಹಾಕಿದ್ರೂ ಕೆಂಪು ದೀಪ ಹತ್ತೂದು ಬಿಟ್ಟಿಲ್ಲ" ಎಂದ ನನ್ನ ಶಿಷ್ಯ.

ಕಣ್ಣು ಎಂದರೆ ಯಾವುದು? ಬರ್ನರಿಗೆ ವಿದ್ಯುತ್ತು ಕೊಟ್ಟೊಡನೆ ಎಣ್ಣೆ ಹರಿಯುವುದಿಲ್ಲ. ಮೊದಲು ಫ್ಯಾನು ತಿರುಗಿ ಒಲೆಯೊಳಗೆ ಉಳಿದ ಹೊಗೆಯನ್ನೂ ಆವಿಯನ್ನೂ ಹೊರದೂಡುತ್ತದೆ. ಎರಡು ಎಲೆಕ್ಟ್ರೋಡುಗಳ ತುದಿಗಳ ನಡುವೆ ಸುಮಾರು 10,000 ವೋಲ್ಟಿನ ಕಿಡಿ ಹಾರುತ್ತದೆ. ಆಮೇಲೆ ನಾಜಲಿನ ಸಣ್ಣ ರಂಧ್ರದಿಂದ ಡೀಸೆಲ್ಲು ಮಂಜಿನ ಹಾಗೆ ಸಿಡಿದು ಹೊತ್ತಿಕೊಳ್ಳಬೇಕು. ಹೊತ್ತಿತೋ ಇಲ್ಲವೋ ಎಂದು ನೋಡಿ ಹೇಳುವುದೇ ಆ ಕಣ್ಣು, ಅಂದರೆ ಫೋಟೋಸೆಲ್. ಇಂಥ ಅನೇಕ ಬರ್ನರುಗಳಲ್ಲಿ ಅದು ಕ್ಯಾಡ್ಮಿಯಂ ಸಲ್ಫೈಡಿನ ಒಂದು ಬಿಲ್ಲೆ. ಕತ್ತಲಲ್ಲಿ ವಿದ್ಯುತ್ತನ್ನು ಬಲವಾಗಿ ತಡೆಯುತ್ತದೆ. ಬೆಳಕು ಬಿದ್ದರೆ ಆ ತಡೆ ಸಡಿಲುತ್ತದೆ. ಎಣ್ಣೆ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಬೆಳಕು ಕಾಣದಿದ್ದರೆ ಯಂತ್ರವು ಎಣ್ಣೆಯನ್ನು ನಿಲ್ಲಿಸಿ ಕೆಂಪು ದೀಪವನ್ನು ಹೊತ್ತಿಸುತ್ತದೆ. ಮನುಷ್ಯನು ಬಂದು ರೀಸೆಟ್ ಗುಂಡಿಯನ್ನು ಒತ್ತುವವರೆಗೆ ಮುಂದೆ ಹೋಗುವುದಿಲ್ಲ.

ನಮ್ಮ ಹುಡುಗರು ಮಾಡಿದ ತಪ್ಪು ಇಲ್ಲಿಯೇ. ಬೆಳಗಿನ ಬ್ರೆಡ್ಡಿಗೆ ಹೊತ್ತಾಯಿತೆಂದು ಆ ಗುಂಡಿಯನ್ನು ಐದಾರು ಸಲ ಒತ್ತಿದರು. ಪ್ರತಿ ಸಲವೂ ಅಷ್ಟಿಷ್ಟು ಡೀಸೆಲ್ಲು ಉರಿಯದೆ ಒಳಗೆ ಬಿತ್ತು. ಕೊನೆಗೊಮ್ಮೆ ಕಿಡಿ ತಗಲಿತು. ಕೂಡಿದ್ದೆಲ್ಲ ಒಮ್ಮೆಲೇ ಹೊತ್ತಿ 'ಢಂ' ಎಂದಿತು. ಹುಬ್ಬಿನಷ್ಟಕ್ಕೇ ಮುಗಿದದ್ದು ಪುಣ್ಯ.

ನಾನು ಯಂತ್ರಜ್ಞನಲ್ಲ. ಆದರೆ ನಮ್ಮ ಕಲ್ಯಾಣದಲ್ಲಿಯೇ, 1076 ರಿಂದ 1126 ರ ವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ವಿಜ್ಞಾನೇಶ್ವರನು 'ಮಿತಾಕ್ಷರಾ'ವನ್ನು ಬರೆದನು. ಅವನು ವ್ಯಾಖ್ಯಾನ ಮಾಡಿದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಸಾಕ್ಷಿಗಳನ್ನು ಕುರಿತೇ ಒಂದು ಪ್ರಕರಣವಿದೆ. ಸಾಮಾನ್ಯವಾಗಿ ಮೂವರಾದರೂ ಸಾಕ್ಷಿಗಳು ಬೇಕು; ಎರಡು ಪಕ್ಷದವರೂ ಒಪ್ಪಿದರೆ ಧರ್ಮವನ್ನು ಬಲ್ಲ ಒಬ್ಬನೇ ಸಾಕು ಎಂಬುದು ಅಲ್ಲಿಯ ವಿಧಿ. ಬರ್ನರಿಗೂ ಇರುವುದು ಒಬ್ಬನೇ ಸಾಕ್ಷಿ. ಅವನನ್ನು ಶಿಕ್ಷಿಸುವ ಮೊದಲು ವಿಚಾರಿಸಬೇಡವೇ?

ವಿಚಾರಿಸಲು ಒಂದೇ ಪ್ರಶ್ನೆ ಸಾಕು: ಕೆಂಪು ದೀಪ ಹತ್ತುವುದು ಯಾವಾಗ?

ಎಣ್ಣೆ ಬರುವ ಮೊದಲೇ ಹತ್ತಿದರೆ, ಕಣ್ಣು ಕಾಣಬಾರದ ಬೆಳಕನ್ನು ಕಾಣುತ್ತಿದೆ. ಎಲ್ಲಿಯೋ ಸಂದಿನಿಂದ ಹೊರಗಿನ ಬೆಳಕು ಬೀಳುತ್ತಿರಬಹುದು, ಎಣ್ಣೆಯ ವಾಲ್ವು ಸೋರಿ ಒಳಗೆ ಉರಿ ಉಳಿದಿರಬಹುದು, ಕಣ್ಣೇ ಕೆಟ್ಟಿರಲೂಬಹುದು.

ಜ್ವಾಲೆ ಚೆನ್ನಾಗಿ ಎದ್ದು ಕೆಲವು ಸೆಕೆಂಡಿಗೆ ಆರಿದರೆ, ಆಗ ಕಣ್ಣಿನ ಮೇಲೆ ಅನುಮಾನ ಪಡಿರಿ. ಗಾಜಿಗೆ ಮಸಿ ಹಿಡಿದಿರುತ್ತದೆ, ಕಣ್ಣು ತನ್ನ ಜಾಗದಿಂದ ಸರಿದಿರುತ್ತದೆ, ಇಲ್ಲವೆ ತಂತಿ ಸಡಿಲಾಗಿರುತ್ತದೆ. ಮೆತ್ತನೆಯ ಬಟ್ಟೆಯಿಂದ ಒರೆಸಿದರೇ ಎಷ್ಟೋ ಸಲ ಸರಿಹೋಗುತ್ತದೆ. ಮಸಿ ಮತ್ತೆ ಮತ್ತೆ ಹಿಡಿಯುತ್ತಿದ್ದರೆ ಮಾತ್ರ ಗಾಳಿ ಸಾಲದೆ ಉರಿಯೇ ಹೊಗೆಯಾಡುತ್ತಿದೆಯೆಂದು ತಿಳಿಯಿರಿ.

ಜ್ವಾಲೆಯೇ ಏಳದಿದ್ದರೆ ಕಣ್ಣು ಸತ್ಯವನ್ನೇ ನುಡಿಯುತ್ತಿದೆ. ಆಗ ನೋಡಬೇಕಾದದ್ದು ಎಣ್ಣೆಯನ್ನು, ಕಿಡಿಯನ್ನು: ಡೀಸೆಲ್ಲಿನಲ್ಲಿ ನೀರು ಸೇರಿದೆಯೇ, ಫಿಲ್ಟರು ಕಟ್ಟಿದೆಯೇ, ನಾಜಲು ಮುಚ್ಚಿದೆಯೇ, ಕಿಡಿ ಸರಿಯಾಗಿ ಹಾರುತ್ತಿದೆಯೇ?

ಶಿಷ್ಯನಿಗೆ ಇದೇ ಪ್ರಶ್ನೆ ಹಾಕಿದೆ. "ಎಣ್ಣಿ ವಾಸನಿ ಬರ್ತದ್ರೀ, ಉರಿ ಏಳಂಗಿಲ್ಲ" ಎಂದ. ಮಿಸ್ತ್ರಿಯನ್ನು ಕರೆಸಿ, ವಿದ್ಯುತ್ತನ್ನು ಪೂರ್ತಿ ತೆಗೆದು, ಬರ್ನರನ್ನು ಬಿಚ್ಚಿಸಿದೆವು. ಒಂದು ಎಲೆಕ್ಟ್ರೋಡಿನ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು! ತುದಿಯಲ್ಲಿ ಹಾರಬೇಕಾದ ಕಿಡಿ ಬಿರುಕಿನಿಂದ ಪಕ್ಕದ ಲೋಹಕ್ಕೆ ಹಾರಿ ವ್ಯರ್ಥವಾಗುತ್ತಿತ್ತು. ಅದನ್ನು ಬದಲಿಸಿದ ಮೇಲೆ ಒಲೆ ಹೊತ್ತಿತು. ಕಸದ ಬುಟ್ಟಿಗೆ ಹೋಗಿದ್ದ ಹಳೆಯ ಕಣ್ಣು ನಿರಪರಾಧಿ.

ಬೇಕರಿಯಲ್ಲದೆ ಬಿಸಿನೀರಿನ ಬಾಯ್ಲರುಗಳಲ್ಲಿಯೂ ಇಂಥ ಬರ್ನರುಗಳುಂಟು. ತಮ್ಮ ಮನೆಯ ಮಕ್ಕಳು ಅವುಗಳ ಬಳಿ ದುಡಿಯುತ್ತಿದ್ದರೆ ಇಷ್ಟು ಹೇಳಿರಿ: ರೀಸೆಟ್ ಗುಂಡಿಯನ್ನು ಒಮ್ಮೆ ಒತ್ತಿ ನೋಡಬಹುದು, ಮತ್ತೆ ಕೆಂಪು ದೀಪ ಬಂದರೆ ಕೈ ಹಿಂದಕ್ಕೆ ತೆಗೆದು ಬಲ್ಲವರನ್ನು ಕರೆಯಬೇಕು. ಕಣ್ಣಿಗೆ ಬ್ಯಾಟರಿ ದೀಪ ತೋರಿಸಿ, ತಂತಿ ಜೋಡಿಸಿ, ಸುಳ್ಳು ಸಾಕ್ಷಿ ಹೇಳಿಸುವ ಜಾಣತನವಂತೂ ಕೂಡದು. ಬ್ರೆಡ್ಡು ಒಂದು ದಿನ ತಡವಾದರೆ ಊರು ಉಪವಾಸ ಬೀಳುವುದಿಲ್ಲ.